ಡಿಜಿಟಲ್ ತಿಜೋರಿಯ ಕೀಲಿಕೈ: ನಕಲು ಇದ್ದರೆ ಸಾಲದು, ಮರಳಿ ಪಡೆದು ನೋಡಿರಬೇಕು

ಅಂಗಡಿಯ ಬಾಗಿಲು ಹಾಕುವ ಮುನ್ನ ಅಂದಿನ ಕೀರ್ದಿಯನ್ನು ಮುಗಿಸಿ, ಗಲ್ಲಾಪೆಟ್ಟಿಗೆಯ ನಗದಿನೊಂದಿಗೆ ತಾಳೆ ನೋಡುವುದು ಈ ನಾಡಿನ ವರ್ತಕರಲ್ಲಿ ತಲೆತಲಾಂತರದಿಂದ ನಡೆದುಬಂದ ಶಿಸ್ತು. ಕೀರ್ದಿ, ಖಾತೆ ಪುಸ್ತಕಗಳ ಜಾಗಕ್ಕೆ ಕಂಪ್ಯೂಟರ್ ಬಂದ ಮೇಲೆ ಆ ಶಿಸ್ತು ಬೇರೊಂದು ರೂಪವನ್ನು ತಾಳಿತು. ಸಂಜೆ ಲೆಕ್ಕದ ದತ್ತಾಂಶವನ್ನು ಪೆನ್ ಡ್ರೈವ್‌ಗೆ ಇಳಿಸಿಕೊಂಡು ಮನೆಗೆ ಒಯ್ಯುವ ವರ್ತಕರು ಇಂದು ಪ್ರತಿಯೊಂದು ಪೇಟೆಯಲ್ಲಿಯೂ ಇದ್ದಾರೆ. ಆದರೆ ಹಾಗೆ ಒಯ್ದ ಲೆಕ್ಕವನ್ನು ಮತ್ತೊಂದು ಕಂಪ್ಯೂಟರ್‌ಗೆ ಮರಳಿ ತುಂಬಿ, ಅದು ಸರಿಯಾಗಿ ತೆರೆದುಕೊಳ್ಳುತ್ತದೆಯೇ ಎಂದು ಒಮ್ಮೆಯಾದರೂ ಪರೀಕ್ಷಿಸಿದವರು ವಿರಳ.

ಲೆಕ್ಕಪತ್ರದ ವಿಷಯದಲ್ಲಿ ಈ ಅಲಕ್ಷ್ಯಕ್ಕೆ ಹೇಗೋ ಪರಿಹಾರವುಂಟು. ಬಿಲ್ಲುಗಳಿವೆ, ಬ್ಯಾಂಕಿನ ಸ್ಟೇಟ್‌ಮೆಂಟ್ ಇದೆ, ಜಿಎಸ್‌ಟಿ ರಿಟರ್ನ್‌ಗಳಿವೆ, ಲೆಕ್ಕಪರಿಶೋಧಕರ ಬಳಿ ಪ್ರತಿಗಳಿವೆ. ಶ್ರಮಪಟ್ಟರೆ ಲೆಕ್ಕವನ್ನು ಮತ್ತೆ ಕಟ್ಟಬಹುದು. ಮನೆಯ ಕಂಪ್ಯೂಟರ್‌ನಲ್ಲಿ ಇರಿಸಿಕೊಂಡ ಕ್ರಿಪ್ಟೊ ಕರೆನ್ಸಿಯ ವಿಷಯದಲ್ಲಿ ಅಂತಹ ಪರಿಹಾರವಿಲ್ಲ. ಅಲ್ಲಿ ಕಳೆದದ್ದು ಕಳೆದೇ ಹೋಗುತ್ತದೆ.

ಕ್ರಿಪ್ಟೊ ಕರೆನ್ಸಿಯಲ್ಲಿ ಹಣ ತೊಡಗಿಸುವುದು ವಿವೇಕವೇ ಅಲ್ಲವೇ ಎಂಬುದು ಬೇರೆಯೇ ಚರ್ಚೆ. ಅದು ಈ ದೇಶದಲ್ಲಿ ಚಲಾವಣೆಯ ಹಣವಲ್ಲ. ಆದರೂ ಕಾನೂನು ಅದನ್ನು ಕಂಡೂ ಕಾಣದಂತೆ ಬಿಟ್ಟಿಲ್ಲ. ಭಾರತೀಯ ರಿಸರ್ವ್ ಬ್ಯಾಂಕ್ 2018ರ ಏಪ್ರಿಲ್‌ನಲ್ಲಿ ಹೊರಡಿಸಿದ್ದ ನಿರ್ಬಂಧದ ಸುತ್ತೋಲೆಯನ್ನು ಸರ್ವೋಚ್ಚ ನ್ಯಾಯಾಲಯವು 2020ರ ಮಾರ್ಚ್ 4ರಂದು ರದ್ದುಗೊಳಿಸಿತು. 2022ರ ಏಪ್ರಿಲ್ 1ರಿಂದ ಇಂತಹ ಆಸ್ತಿಯ ವರ್ಗಾವಣೆಯ ಲಾಭಕ್ಕೆ ಶೇಕಡಾ 30ರ ತೆರಿಗೆಯೂ, ಅದೇ ವರ್ಷದ ಜುಲೈ 1ರಿಂದ ವರ್ಗಾವಣೆಯ ಮೊತ್ತದ ಮೇಲೆ ಶೇಕಡಾ 1ರ ಮೂಲ ತೆರಿಗೆ ಕಡಿತವೂ ಜಾರಿಗೆ ಬಂದವು. ಮನೆಯ ಮಗನೋ ಮಗಳೋ ಕುತೂಹಲದಿಂದ ಕೊಂಡದ್ದು ಇಂದು ಹಲವು ವರ್ತಕ ಕುಟುಂಬಗಳಲ್ಲಿ ಲೆಕ್ಕಕ್ಕೆ ಬರುವ ಆಸ್ತಿಯಾಗಿದೆ. ಆಸ್ತಿ ಎಂದ ಮೇಲೆ ಅದರ ರಕ್ಷಣೆಯ ಹೊಣೆಯೂ ಉಂಟು.

ತಿಜೋರಿಯಲ್ಲಿ ಇರುವುದೇನು?

ವ್ಯಾಲೆಟ್ ಎಂಬ ಹೆಸರೇ ಜನರನ್ನು ದಾರಿ ತಪ್ಪಿಸುತ್ತದೆ. ಹೆಸರಿಗೆ ಅದು ಹಣದ ಚೀಲ. ಆದರೆ ಅದರಲ್ಲಿ ಹಣವಿರುವುದಿಲ್ಲ. ಯಾರಿಂದ ಯಾರಿಗೆ ಎಷ್ಟು ಬಿಟ್‌ಕಾಯಿನ್ ಹೋಯಿತು ಎಂಬ ಲೆಕ್ಕವು ಜಗತ್ತಿನಾದ್ಯಂತ ಸಾವಿರಾರು ಕಂಪ್ಯೂಟರ್‌ಗಳಲ್ಲಿ ಹರಡಿರುವ ಒಂದೇ ಖಾತೆ ಪುಸ್ತಕದಲ್ಲಿ ದಾಖಲಾಗಿರುತ್ತದೆ. ಮನೆಯ ಕಂಪ್ಯೂಟರ್ ಸುಟ್ಟುಹೋದರೂ ಆ ಪುಸ್ತಕಕ್ಕೆ ಏನೂ ಆಗುವುದಿಲ್ಲ. ವ್ಯಾಲೆಟ್‌ನಲ್ಲಿ ಇರುವುದು ಆ ಪುಸ್ತಕದ ತನ್ನ ಪುಟದಿಂದ ಹಣವನ್ನು ಬೇರೆಯವರಿಗೆ ಬರೆದುಕೊಡುವ ಅಧಿಕಾರ. ಅದೇ ಖಾಸಗಿ ಕೀಲಿಕೈ. ಅದು ಬಹು ದೊಡ್ಡದೊಂದು ಗುಪ್ತಸಂಖ್ಯೆ. ಅದನ್ನು ಬಲ್ಲವನೇ ಒಡೆಯ. ಅದನ್ನು ಕಳೆದುಕೊಂಡವನು ತನ್ನ ಹಣವನ್ನು ಕಣ್ಣಾರೆ ಕಾಣಬಲ್ಲ, ಮುಟ್ಟಲಾರ.

ಪಾಸ್‌ಬುಕ್ ಕಳೆದರೆ ಬ್ಯಾಂಕು ಹೊಸದನ್ನು ಕೊಡುತ್ತದೆ. ಚೆಕ್ ಕಳೆದರೆ ಪಾವತಿ ತಡೆಯಲು ಬರೆದುಕೊಡಬಹುದು. ಠೇವಣಿ ರಸೀದಿ ಕಳೆದರೆ ನಷ್ಟಭರ್ತಿ ಪತ್ರ ಬರೆದುಕೊಟ್ಟು ನಕಲು ಪ್ರತಿ ಪಡೆಯಬಹುದು. ಲಾಕರಿನ ಕೀಲಿಕೈ ಕಳೆದರೂ ಶುಲ್ಕ ತೆತ್ತು ಒಡೆಸಬಹುದು. ಸ್ವಂತ ವ್ಯಾಲೆಟ್ ಇಟ್ಟುಕೊಂಡವನು ಅರ್ಜಿ ಹಿಡಿದು ಹೋಗಬೇಕಾದ ಕಚೇರಿಯೇ ಇಲ್ಲ.

ಹಾಗಾದರೆ ವಿನಿಮಯ ಸಂಸ್ಥೆಯ ಖಾತೆಯಲ್ಲಿಯೇ ಬಿಟ್ಟರಾಯಿತು ಎಂದು ಹೇಳುವವರು ಉಂಟು. ಅಲ್ಲಿ ಕೀಲಿಕೈ ಸಂಸ್ಥೆಯ ಕೈಯಲ್ಲಿರುತ್ತದೆ; ಗ್ರಾಹಕನಿಗೆ ಇರುವುದು ಸಂಸ್ಥೆಯ ಮೇಲಿನ ಹಕ್ಕು ಮಾತ್ರ. ಟೋಕಿಯೊದ ಮೌಂಟ್ ಗಾಕ್ಸ್ 2014ರಲ್ಲಿ ಮುಚ್ಚಿದಾಗ ಸುಮಾರು 8,50,000 ಬಿಟ್‌ಕಾಯಿನ್ ಕಾಣೆಯಾಗಿವೆ ಎಂದು ಪ್ರಕಟಿಸಿತು; ಅದರಲ್ಲಿ ಸುಮಾರು 2,00,000 ಮಾತ್ರ ಬಳಿಕ ಪತ್ತೆಯಾದವು. ಭಾರತದ ವಜೀರ್‌ಎಕ್ಸ್‌ನಿಂದ 2024ರ ಜುಲೈನಲ್ಲಿ ಸುಮಾರು 23 ಕೋಟಿ ಡಾಲರ್ ಮೌಲ್ಯದ ಆಸ್ತಿಯನ್ನು ಕಳ್ಳರು ದೋಚಿದರು. ಇಂತಹ ಘಟನೆಗಳಿಂದ ಎಚ್ಚೆತ್ತವರು ತಮ್ಮ ಆಸ್ತಿಯನ್ನು ಸ್ವಂತ ಕಂಪ್ಯೂಟರ್‌ಗೆ ತಂದುಕೊಳ್ಳುತ್ತಾರೆ. ಅದು ತಪ್ಪಲ್ಲ. ಆದರೆ ಹಾಗೆ ತಂದುಕೊಂಡ ಗಳಿಗೆಯಿಂದ ಬ್ಯಾಂಕಿನ ಕೆಲಸ, ಕಾವಲುಗಾರನ ಕೆಲಸ, ದಫ್ತರದ ಕೆಲಸ ಎಲ್ಲವೂ ಅವರದೇ ಎಂಬುದನ್ನು ಅವರು ಮರೆಯುತ್ತಾರೆ.

ಮೂರು ಪ್ರಸಂಗ, ಮೂರು ಪಾಠ

ಮೊದಲನೆಯದು ವೇಲ್ಸ್‌ನ ನ್ಯೂಪೋರ್ಟ್ ನಗರದ್ದು. ಜೇಮ್ಸ್ ಹೋವೆಲ್ಸ್ ಎಂಬವರ ಹಳೆಯ ಹಾರ್ಡ್ ಡಿಸ್ಕ್ ಒಂದು 2013ರಲ್ಲಿ ಕಸದೊಂದಿಗೆ ನಗರದ ಕಸದ ಗುಡ್ಡವನ್ನು ಸೇರಿತು. ಸುಮಾರು 8,000 ಬಿಟ್‌ಕಾಯಿನ್‌ಗಳ ಕೀಲಿಕೈ ಅದರಲ್ಲಿತ್ತೆಂದು ಅವರ ಹೇಳಿಕೆ. ಗುಡ್ಡವನ್ನು ಅಗೆಯಲು ನಗರಸಭೆ ಒಪ್ಪಲಿಲ್ಲ. ಅವರು ಹೂಡಿದ ದಾವೆಯನ್ನು ಅಲ್ಲಿನ ಹೈಕೋರ್ಟ್ 2025ರ ಜನವರಿಯಲ್ಲಿ ವಜಾ ಮಾಡಿತು. ನಕಲೇ ಇಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ಇದು ನಿದರ್ಶನ.

ಎರಡನೆಯದು ಸ್ಟೀಫನ್ ಥಾಮಸ್ ಎಂಬ ತಂತ್ರಜ್ಞರದು. ಬಿಟ್‌ಕಾಯಿನ್ ಕುರಿತು 2011ರಲ್ಲಿ ಒಂದು ಕಿರುಚಿತ್ರ ತಯಾರಿಸಿಕೊಟ್ಟುದಕ್ಕೆ ಪ್ರತಿಫಲವಾಗಿ ಅವರಿಗೆ ಬಿಟ್‌ಕಾಯಿನ್‌ಗಳು ದೊರೆತವು. ಅವರು ತಮ್ಮ ವ್ಯಾಲೆಟ್‌ನ ಮೂರು ನಕಲುಗಳನ್ನು ಇಟ್ಟಿದ್ದರು. ಎರಡು ಅಳಿಸಿಹೋದವು, ಮೂರನೆಯದರ ಪಾಸ್‌ವರ್ಡ್ ಮರೆತುಹೋಯಿತು. 7,002 ಬಿಟ್‌ಕಾಯಿನ್‌ಗಳ ಕೀಲಿಕೈ ಇದ್ದ ಆ ಸಾಧನವು ಹತ್ತು ಸಲ ತಪ್ಪು ಪಾಸ್‌ವರ್ಡ್ ಕೊಟ್ಟರೆ ತನ್ನನ್ನು ತಾನೇ ಶಾಶ್ವತವಾಗಿ ಮುಚ್ಚಿಕೊಳ್ಳುವಂತಹುದು. ಎಂಟು ಪ್ರಯತ್ನಗಳು ಮುಗಿದಿದ್ದವು ಎಂದು 2021ರ ಜನವರಿಯಲ್ಲಿ ವರದಿಯಾಯಿತು. ನಕಲುಗಳ ಸಂಖ್ಯೆಗೆ ತಾನಾಗಿ ಯಾವ ಬಲವೂ ಇಲ್ಲವೆಂಬುದನ್ನು ಇದು ತೋರಿಸುತ್ತದೆ.

ಮೂರನೆಯದು 2010ರದು, ವರ್ತಕರಿಗೆ ಹೆಚ್ಚು ಬೋಧಪ್ರದವಾದುದು. 9,000 ಬಿಟ್‌ಕಾಯಿನ್ ಹೊಂದಿದ್ದ ಒಬ್ಬ ಬಳಕೆದಾರ ವ್ಯಾಲೆಟ್‌ನ ಬ್ಯಾಕಪ್ ತೆಗೆದುಕೊಂಡಿದ್ದ. ಬಳಿಕ ಒಂದೇ ಒಂದು ಬಿಟ್‌ಕಾಯಿನ್ ಅನ್ನು ತನ್ನದೇ ವಿಳಾಸಕ್ಕೆ ಕಳುಹಿಸಿದ. ಐನೂರರ ನೋಟು ಕೊಟ್ಟು ಚಿಲ್ಲರೆ ಪಡೆಯುವಂತೆ ಇಲ್ಲಿಯೂ ಇಡೀ ಮೊತ್ತ ಹೊರಗೆ ಹೋಗಿ, ಉಳಿದದ್ದು ಚಿಲ್ಲರೆಯಾಗಿ ಮರಳುತ್ತದೆ; ಆದರೆ ಮರಳುವುದು ತಂತ್ರಾಂಶವು ತಾನಾಗಿಯೇ ಸೃಷ್ಟಿಸಿದ ಹೊಸ ವಿಳಾಸಕ್ಕೆ. ಉಳಿದ 8,999 ಬಿಟ್‌ಕಾಯಿನ್‌ಗಳು ಹಾಗೆ ಹೊಸ ವಿಳಾಸಕ್ಕೆ ಹೋದವು. ಆ ವಿಳಾಸದ ಕೀಲಿಕೈ ಹಳೆಯ ಬ್ಯಾಕಪ್‌ನಲ್ಲಿ ಇರಲಿಲ್ಲ. ಹಳೆಯ ಬ್ಯಾಕಪ್ ಅನ್ನು ಮರಳಿ ತುಂಬಿದಾಗ ಹಣ ಕೈತಪ್ಪಿತ್ತು. ನಕಲು ಇತ್ತು, ಅದು ತೆರೆದುಕೊಂಡಿತು, ಆದರೂ ಉಪಯೋಗಕ್ಕೆ ಬರಲಿಲ್ಲ. ನಿನ್ನೆಯ ಕೀರ್ದಿಯಿಂದ ಇಂದಿನ ಬಾಕಿ ಹೇಳಲಾಗದು ಎಂಬ ಅಂಗಡಿಯ ನೀತಿಯೇ ಇಲ್ಲಿಯೂ ನಿಜವಾಯಿತು.

ಹನ್ನೆರಡು ಪದಗಳ ಅನುಕೂಲ ಮತ್ತು ಮಿತಿ

ಈ ಬಗೆಯ ನಷ್ಟಗಳಿಂದ ಪಾಠ ಕಲಿತು ತಂತ್ರಾಂಶಗಳು ಸುಧಾರಿಸಿವೆ. ಬಿಟ್‌ಕಾಯಿನ್ ಕೋರ್ ಎಂಬ ಮೂಲ ತಂತ್ರಾಂಶವು ಮೊದಲು ನೂರು ಕೀಲಿಕೈಗಳನ್ನು ಮುಂಗಡವಾಗಿ ಸೃಷ್ಟಿಸಿ ಕಡತದಲ್ಲಿ ಇಡುವ ಕ್ರಮವನ್ನು ತಂದಿತು. 2016ರಿಂದ ಒಂದೇ ಬೀಜದಿಂದ ಎಲ್ಲ ಕೀಲಿಕೈಗಳನ್ನೂ ಹುಟ್ಟಿಸುವ ಪದ್ಧತಿಯನ್ನು ಅಳವಡಿಸಿಕೊಂಡಿತು. 2013ರಲ್ಲಿ ರೂಪಿತವಾದ ಮತ್ತೊಂದು ಕ್ರಮದಂತೆ ಆ ಬೀಜವನ್ನು 2,048 ಸಾಮಾನ್ಯ ಪದಗಳ ಪಟ್ಟಿಯಿಂದ ಆಯ್ದ 12 ಅಥವಾ 24 ಪದಗಳ ಮಾಲೆಯಾಗಿ ಬರೆದಿಡಬಹುದು. ಇಂಗ್ಲಿಷ್ ಪಟ್ಟಿಯ ಪ್ರತಿ ಪದವನ್ನೂ ಅದರ ಮೊದಲ ನಾಲ್ಕು ಅಕ್ಷರಗಳಿಂದಲೇ ಗುರುತಿಸಬಹುದು. ಬರೆಯುವಾಗ ತಪ್ಪಾದರೆ ಬಹುಪಾಲು ಸಂದರ್ಭಗಳಲ್ಲಿ ತಂತ್ರಾಂಶವೇ ಅದನ್ನು ಹಿಡಿಯುತ್ತದೆ. ಇಂದಿನ ಹೆಚ್ಚಿನ ವ್ಯಾಲೆಟ್‌ಗಳು ಈ ಕ್ರಮವನ್ನೇ ಅನುಸರಿಸುತ್ತವೆ.

ಅನುಕೂಲ ದೊಡ್ಡದೇ, ಆದರೆ ಮಿತಿಗಳನ್ನು ತಿಳಿಯದವರು ಇಲ್ಲಿಯೂ ಎಡವುತ್ತಾರೆ. ಪದಗಳ ಕ್ರಮ ತಪ್ಪಿದರೆ ಮಾಲೆ ನಿರುಪಯುಕ್ತ. ಪದಗಳ ಜೊತೆಗೆ ಹೆಚ್ಚಿನ ಗುಪ್ತಪದವನ್ನು ಸೇರಿಸಿದ್ದರೆ ಅದೂ ಬೇಕು. ಅದೇ ಪದಗಳನ್ನು ಬೇರೊಂದು ತಂತ್ರಾಂಶಕ್ಕೆ ಕೊಟ್ಟಾಗ ಬಾಕಿ ಸೊನ್ನೆ ಎಂದು ತೋರಬಹುದು. ಹಣ ಹೋಗಿರುವುದಿಲ್ಲ, ಕೀಲಿಕೈಗಳನ್ನು ಹುಟ್ಟಿಸುವ ಮಾರ್ಗ ಎರಡರಲ್ಲಿಯೂ ಬೇರೆಯಾಗಿರುತ್ತದೆ. ಆದುದರಿಂದ ಯಾವ ತಂತ್ರಾಂಶ, ಯಾವ ಬಗೆಯ ವ್ಯಾಲೆಟ್ ಎಂಬುದನ್ನೂ ಬರೆದಿಡಬೇಕು. ಬಿಟ್‌ಕಾಯಿನ್ ಕೋರ್ ಪದಮಾಲೆಯನ್ನು ಕೊಡುವುದಿಲ್ಲ. ಅಲ್ಲಿ ಕಡತವನ್ನೇ ಕಾಯ್ದುಕೊಳ್ಳಬೇಕು. ತಂತ್ರಾಂಶ ಓಡುತ್ತಿರುವಾಗ ಕಡತವನ್ನು ಹಾಗೆಯೇ ನಕಲು ಮಾಡಿದರೆ ಅದು ಕೆಟ್ಟಿರುವ ಸಾಧ್ಯತೆಯುಂಟು. ಮೆನುವಿನಲ್ಲಿರುವ ಬ್ಯಾಕಪ್ ಸೌಲಭ್ಯವನ್ನೇ ಬಳಸಬೇಕು. ವ್ಯಾಲೆಟ್‌ಗೆ ಹೊಸದಾಗಿ ಪಾಸ್‌ವರ್ಡ್ ಹಾಕಿದಾಗ ಹೊಸ ಕೀಲಿಕೈಗಳು ಹುಟ್ಟುವುದರಿಂದ ಹಳೆಯ ಬ್ಯಾಕಪ್ ಅನ್ನು ನಂಬಿ ಕೂರದೆ ಕೂಡಲೇ ಹೊಸದನ್ನು ತೆಗೆಯಬೇಕು.

ತೆರಿಗೆದಾರನು ಗಮನಿಸಬೇಕಾದ ಮಿತಿ ಇನ್ನೊಂದಿದೆ. ಪದಮಾಲೆಯಿಂದ ಹಣ ಮರಳುತ್ತದೆ, ಲೆಕ್ಕ ಮರಳುವುದಿಲ್ಲ. ಯಾವ ದಿನ ಎಷ್ಟು ರೂಪಾಯಿಗೆ ಕೊಂಡದ್ದು, ಯಾವ ಪಾವತಿ ಯಾರಿಗೆ ಹೋದದ್ದು ಎಂದು ವ್ಯಾಲೆಟ್‌ನಲ್ಲಿ ಬರೆದುಕೊಂಡ ಟಿಪ್ಪಣಿಗಳು ಆ ಹನ್ನೆರಡು ಪದಗಳಲ್ಲಿ ಅಡಗಿರುವುದಿಲ್ಲ. ಲಾಭದ ಲೆಕ್ಕದಲ್ಲಿ ಕೊಂಡ ಬೆಲೆಯನ್ನು ಬಿಟ್ಟು ಬೇರೆ ಖರ್ಚನ್ನು ಕಳೆಯಲು ಕಾನೂನಿನಲ್ಲಿ ಅವಕಾಶವಿಲ್ಲ. ಒಂದರ ನಷ್ಟವನ್ನು ಮತ್ತೊಂದರ ಲಾಭಕ್ಕೆ ಹೊಂದಿಸಲೂ ಅವಕಾಶವಿಲ್ಲ. ಹೀಗಿರುವಾಗ ಕೊಂಡ ಬೆಲೆಯ ದಾಖಲೆಯನ್ನೂ ಕಳೆದುಕೊಂಡವನು ತೆರಿಗೆ ಅಧಿಕಾರಿಯ ಮುಂದೆ ಬರಿಗೈಯಲ್ಲಿ ನಿಲ್ಲಬೇಕಾಗುತ್ತದೆ. ಖರೀದಿಯ ದಾಖಲೆಗಳು ಉಳಿದ ಲೆಕ್ಕಪತ್ರಗಳೊಂದಿಗೆ ಪ್ರತ್ಯೇಕವಾಗಿ ಇರತಕ್ಕದ್ದು.

ಮರುಸ್ಥಾಪನೆಯ ಪರೀಕ್ಷೆ

ಮೇಲಿನ ಮಿತಿಗಳೆಲ್ಲವೂ ಒಂದೇ ಕಡೆಗೆ ಬೆರಳು ಮಾಡುತ್ತವೆ. ನಕಲು ಸರಿಯಾಗಿದೆಯೇ ಎಂಬುದು ಅದನ್ನು ನೋಡಿದರೆ ತಿಳಿಯುವುದಿಲ್ಲ, ಮರಳಿ ತುಂಬಿದರೆ ಮಾತ್ರ ತಿಳಿಯುತ್ತದೆ. ಕಾರ್ಖಾನೆಯಲ್ಲಿ ತಯಾರಾದ ಕವಾಟವನ್ನು ಒತ್ತಡ ಕೊಟ್ಟು ಪರೀಕ್ಷಿಸದೆ ಯಾವ ಉದ್ದಿಮೆದಾರನೂ ಗಿರಾಕಿಗೆ ಕಳುಹಿಸುವುದಿಲ್ಲ. ಹೊರಗಿನಿಂದ ಹೊಳೆಯುತ್ತಿದೆ ಎಂಬುದು ಅಲ್ಲಿ ಸಾಕ್ಷಿಯಲ್ಲ. ಬ್ಯಾಕಪ್‌ಗೂ ಅದೇ ಅಳತೆ.

ಪರೀಕ್ಷೆ ಕಠಿಣವಾದುದಲ್ಲ. ಹೊಸ ವ್ಯಾಲೆಟ್ ಸ್ಥಾಪಿಸಿ, ಪದಮಾಲೆಯನ್ನು ಕಾಗದದಲ್ಲಿ ಬರೆದು, ಹೋದರೂ ಕೊರಗಬೇಕಾಗದಷ್ಟು ಸಣ್ಣ ಮೊತ್ತವನ್ನು ಮಾತ್ರ ಅದಕ್ಕೆ ತರಿಸಿಕೊಳ್ಳಬೇಕು. ಮೊದಲ ವಿಳಾಸವನ್ನು ಗುರುತು ಮಾಡಿಕೊಳ್ಳಬೇಕು. ಬಳಿಕ ವೈರಸ್‌ರಹಿತವಾದ ಎರಡನೆಯ ಕಂಪ್ಯೂಟರ್‌ನಲ್ಲಿ, ತಯಾರಕರ ಅಧಿಕೃತ ತಾಣದಿಂದಲೇ ಪಡೆದ ಅದೇ ತಂತ್ರಾಂಶವನ್ನು ಹಾಕಿ, ಕಾಗದವನ್ನಷ್ಟೇ ನೋಡಿ ವ್ಯಾಲೆಟ್ ಅನ್ನು ಮರಳಿ ಕಟ್ಟಬೇಕು. ಅದೇ ವಿಳಾಸ, ಅದೇ ಬಾಕಿ ಕಾಣಿಸಿದರೆ ಅರ್ಧ ಗೆದ್ದಂತೆ. ಅಲ್ಲಿಂದ ಸ್ವಲ್ಪ ಮೊತ್ತವನ್ನು ಹೊರಗೆ ಕಳುಹಿಸಲು ಸಾಧ್ಯವಾದರೆ ಪೂರ್ಣ ಗೆದ್ದಂತೆ. ಪರೀಕ್ಷೆ ಮುಗಿದೊಡನೆ ಎರಡನೆಯ ಕಂಪ್ಯೂಟರ್‌ನಿಂದ ವ್ಯಾಲೆಟ್ ಅನ್ನು ಅಳಿಸಿ, ಆಮೇಲಷ್ಟೇ ದೊಡ್ಡ ಮೊತ್ತವನ್ನು ತರಬೇಕು. ಕಡತದ ರೂಪದ ವ್ಯಾಲೆಟ್ ಆದರೆ ಪೆನ್ ಡ್ರೈವ್‌ನ ಕಡತದಿಂದಲೂ ನೆನಪಿನ ಪಾಸ್‌ವರ್ಡ್‌ನಿಂದಲೂ ಇದೇ ಪ್ರಯೋಗ ನಡೆಯಬೇಕು. ಎಲ್ಲಕ್ಕೂ ಒಂದು ಮಧ್ಯಾಹ್ನ ಸಾಕು.

ಹಲವು ವರ್ಷಗಳ ಹಿಂದೆ ಕೊಂಡು ಮರೆತವರು ಹಳೆಯ ಕಂಪ್ಯೂಟರ್ ಅನ್ನು ಗುಜರಿಗೆ ಹಾಕುವ ಮುನ್ನ ಹಾರ್ಡ್ ಡಿಸ್ಕ್ ತೆಗೆದಿಟ್ಟುಕೊಳ್ಳಬೇಕು. ಅದರಲ್ಲಿ ಹಳೆಯ ವ್ಯಾಲೆಟ್ ಕಡತ ಕಂಡುಬಂದರೆ ಮೂಲದ ಮೇಲೆ ಯಾವ ಪ್ರಯೋಗವನ್ನೂ ಮಾಡದೆ, ಮೊದಲು ಇಡೀ ಡಿಸ್ಕ್‌ನ ಪ್ರತಿ ತೆಗೆದು ಆ ಪ್ರತಿಯ ಮೇಲೆ ಕೆಲಸ ಮಾಡಬೇಕು. ಬಿಟ್‌ಕಾಯಿನ್ ಕೋರ್‌ನ ಇತ್ತೀಚಿನ ಆವೃತ್ತಿಗಳಿಗೆ ಹಳೆಯ ಮಾದರಿಯ ಕಡತವನ್ನು ಪರಿವರ್ತಿಸಿಯೇ ಕೊಡಬೇಕಾಗುವುದರಿಂದ ಈ ಎಚ್ಚರ ಇನ್ನಷ್ಟು ಅಗತ್ಯ.

ಹೆಚ್ಚು ನಕಲು, ಹೆಚ್ಚು ಕಳ್ಳದಾರಿ

ಲೆಕ್ಕಪತ್ರದ ಬ್ಯಾಕಪ್‌ಗೂ ಕೀಲಿಕೈಯ ಬ್ಯಾಕಪ್‌ಗೂ ಒಂದು ಮೂಲಭೂತ ವ್ಯತ್ಯಾಸವಿದೆ. ಲೆಕ್ಕದ ನಕಲುಗಳು ಹೆಚ್ಚಿದಷ್ಟೂ ಕ್ಷೇಮ: ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಪ್ರತಿ ಬೇರೆ ಸ್ಥಳದಲ್ಲಿ ಎಂಬುದು ಎಲ್ಲರೂ ಒಪ್ಪಿದ ನಿಯಮ. ಅದರಲ್ಲಿ ಒಂದಾದರೂ ಕಂಪ್ಯೂಟರ್‌ಗೆ ಜೋಡಿಸದೆ ಇರಬೇಕು. 2017ರ ಮೇ ತಿಂಗಳಿನಲ್ಲಿ ಜಗತ್ತನ್ನು ಕಾಡಿದ ವಾನಾಕ್ರೈ ಬಗೆಯ ಒತ್ತೆಹಣದ ವೈರಸ್, ಜೋಡಿಸಿಟ್ಟ ಡಿಸ್ಕ್‌ಗಳನ್ನೂ ಬಿಡುವುದಿಲ್ಲ. ಪದಮಾಲೆಯ ವಿಷಯದಲ್ಲಿ ಮಾತ್ರ ಪ್ರತಿಯೊಂದು ನಕಲೂ ಕಳ್ಳನಿಗೆ ಇನ್ನೊಂದು ಬಾಗಿಲು. ಅದನ್ನು ಓದಿದವನಿಗೆ ಪಾಸ್‌ವರ್ಡ್ ಬೇಡ, ಸಹಿ ಬೇಡ. ಹಣ ಹೋದ ಮೇಲೆ ಹಿಂದಕ್ಕೆ ತರುವ ಉಪಾಯವೂ ಇಲ್ಲ.

ಆದುದರಿಂದ ಪದಮಾಲೆಯನ್ನು ಮೊಬೈಲ್‌ನಲ್ಲಿ ಚಿತ್ರ ತೆಗೆಯುವುದು, ವಾಟ್ಸ್‌ಆ್ಯಪ್‌ನಲ್ಲಿ ತನಗೇ ಕಳುಹಿಸಿಕೊಳ್ಳುವುದು, ಇ-ಮೇಲ್‌ನಲ್ಲಿ ಇಡುವುದು ಸಲ್ಲದು. ಯಾವ ಪ್ರಾಮಾಣಿಕ ಸಂಸ್ಥೆಯೂ ದೂರವಾಣಿಯಲ್ಲಿ ಅದನ್ನು ಕೇಳುವುದಿಲ್ಲ. ಕೇಳಿದವನು ಮೋಸಗಾರನೆಂದೇ ತಿಳಿಯಬೇಕು. ಎರಡು ಪ್ರತಿ, ಎರಡು ಸ್ಥಳ, ಒಂದು ಮನೆಯ ತಿಜೋರಿ, ಇನ್ನೊಂದು ಬ್ಯಾಂಕಿನ ಲಾಕರ್ ಎಂಬುದು ಸಾಮಾನ್ಯ ವರ್ತಕನಿಗೆ ತಕ್ಕ ಮಧ್ಯಮ ಮಾರ್ಗ.

ಕಾಗದಕ್ಕೆ ಕರಾವಳಿ, ಮಲೆನಾಡುಗಳ ಮಳೆಗಾಲದ ತೇವವೂ ಗೆದ್ದಲೂ ಶತ್ರುಗಳು. ವರ್ಷಗಟ್ಟಲೆ ವಿದ್ಯುತ್ ಕಾಣದ ಪೆನ್ ಡ್ರೈವ್ ಕೂಡ ನಂಬಿಕೆಗೆ ಅರ್ಹವಲ್ಲ. ಇಲ್ಲಿ ಸಣ್ಣ ಉದ್ದಿಮೆದಾರರಿಗೆ ಒಂದು ಸೌಕರ್ಯವಿದೆ. ಪೀಣ್ಯದಂತಹ ಕೈಗಾರಿಕಾ ಪ್ರದೇಶದ ಕಾರ್ಯಾಗಾರಗಳಲ್ಲಿ ಬಿಡಿಭಾಗಗಳ ಮೇಲೆ ಸಂಖ್ಯೆ ಒತ್ತಲು ಬಳಸುವ ಅಕ್ಷರದ ಪಂಚುಗಳಿರುತ್ತವೆ. ಸ್ಟೇನ್‌ಲೆಸ್ ಸ್ಟೀಲ್ ತಗಡಿನ ಮೇಲೆ ಪ್ರತಿ ಪದದ ಮೊದಲ ನಾಲ್ಕು ಅಕ್ಷರಗಳನ್ನು ಕ್ರಮವಾಗಿ ಒತ್ತಿದರೆ ನೀರಿಗೂ ಸಾಮಾನ್ಯ ಬೆಂಕಿಗೂ ಅಂಜಬೇಕಾಗಿಲ್ಲ. ಆದರೆ ಆ ಕೆಲಸವನ್ನು ಕೆಲಸಗಾರನಿಗೆ ಒಪ್ಪಿಸದೆ ಒಡೆಯನೇ ಸುತ್ತಿಗೆ ಹಿಡಿಯಬೇಕು.

ಯಜಮಾನನ ನಂತರ

ಕುಟುಂಬದ ವ್ಯವಹಾರಗಳಲ್ಲಿ ಎಲ್ಲ ಗುಟ್ಟುಗಳೂ ಯಜಮಾನನೊಬ್ಬನ ತಲೆಯಲ್ಲಿ ಇರುವುದು ಸಾಮಾನ್ಯ. ಕೆನಡಾದ ಕ್ವಾಡ್ರಿಗಾ ಸಿಎಕ್ಸ್ ಎಂಬ ವಿನಿಮಯ ಸಂಸ್ಥೆಯ ಸ್ಥಾಪಕ 2018ರ ಡಿಸೆಂಬರ್‌ನಲ್ಲಿ ಜೈಪುರದಲ್ಲಿ ನಿಧನರಾದಾಗ, ಕೀಲಿಕೈಗಳು ಅವರೊಬ್ಬರಿಗೇ ಗೊತ್ತಿದ್ದವೆಂದು ಸಂಸ್ಥೆ ಹೇಳಿತು. ಹಣದ ಬಹುಭಾಗ ಅವರ ವಂಚನೆಯಿಂದ ಮೊದಲೇ ಕರಗಿತ್ತೆಂದು ಒಂಟಾರಿಯೊ ಷೇರುಪೇಟೆ ನಿಯಂತ್ರಕರು 2020ರಲ್ಲಿ ಕಂಡುಕೊಂಡರು. ಕೀಲಿಕೈ ಒಬ್ಬನಲ್ಲಿಯೇ ಇದ್ದುದರಿಂದ ಬದುಕಿದ್ದಾಗ ಅವರನ್ನು ಪ್ರಶ್ನಿಸುವವರೂ ಇರಲಿಲ್ಲ, ಸತ್ತ ಮೇಲೆ ಉತ್ತರಿಸುವವರೂ ಉಳಿಯಲಿಲ್ಲ.

ಬ್ಯಾಂಕಿನ ಠೇವಣಿಗೆ ನಾಮನಿರ್ದೇಶನ ಉಂಟು. ಸ್ವಂತ ವ್ಯಾಲೆಟ್‌ಗೆ ಇಲ್ಲ. ವ್ಯಾಲೆಟ್ ಇದೆ ಎಂಬುದೇ ಮನೆಯವರಿಗೆ ತಿಳಿಯದಿದ್ದರೆ ಉಯಿಲಿನಿಂದಲೂ ಪ್ರಯೋಜನವಿಲ್ಲ. ಏನು ಇದೆ, ಯಾವ ತಂತ್ರಾಂಶದಲ್ಲಿ ಇದೆ, ಪದಮಾಲೆ ಎಲ್ಲಿ ಇದೆ, ಮರಳಿ ಪಡೆಯುವ ಕ್ರಮವೇನು ಎಂಬುದನ್ನು ಬರೆದು, ಪದಗಳನ್ನು ಮಾತ್ರ ಬರೆಯದೆ, ಮುದ್ರೆ ಹಾಕಿದ ಲಕೋಟೆಯನ್ನು ಉಯಿಲಿನೊಂದಿಗೆ ಇಡುವುದು ವಿವೇಕ. ಪಾಲುದಾರಿಕೆಯ ಸಂಸ್ಥೆಗಳಿಗೆ ಮೂರು ಕೀಲಿಕೈಗಳಲ್ಲಿ ಯಾವುದಾದರೂ ಎರಡು ಸೇರಿದರೆ ಮಾತ್ರ ಹಣ ಚಲಿಸುವ ವ್ಯವಸ್ಥೆಯೂ ಉಂಟು. ಜಂಟಿ ಸಹಿಯ ಚೆಕ್ಕಿಗೆ ಹೊಂದಿಕೊಂಡ ವರ್ತಕರಿಗೆ ಅದು ಹೊಸದೆನಿಸದು. ಆದರೆ ಅಲ್ಲಿ ಎರಡು ಪದಮಾಲೆಗಳಷ್ಟೇ ಸಾಲವು. ಮೂರೂ ಕೀಲಿಕೈಗಳ ಬಹಿರಂಗ ಭಾಗವನ್ನು ಒಳಗೊಂಡ ವ್ಯಾಲೆಟ್‌ನ ವಿವರವನ್ನೂ ಪ್ರತಿಯೊಬ್ಬ ಪಾಲುದಾರನೂ ಕಾಯ್ದಿಡಬೇಕು.

ಆಯುಧಪೂಜೆಯ ಮುನ್ನಾದಿನ

ಸಣ್ಣ ಮೊತ್ತಕ್ಕೆ ಇಷ್ಟೆಲ್ಲ ರಗಳೆ ಏಕೆ ಎಂಬ ಆಕ್ಷೇಪ ಬರಬಹುದು. ಅದರಲ್ಲಿ ಹುರುಳಿಲ್ಲದಿಲ್ಲ. ಮೊತ್ತ ನಿಜಕ್ಕೂ ಸಣ್ಣದಾದರೆ ನೋಂದಾಯಿತ ವಿನಿಮಯ ಸಂಸ್ಥೆಯಲ್ಲಿಯೇ ಬಿಟ್ಟು, ಅದರ ಅಪಾಯವನ್ನು ಅರಿತು ಒಪ್ಪಿಕೊಳ್ಳಬಹುದು. ಮರುಸ್ಥಾಪನೆಯ ಪರೀಕ್ಷೆಗೆ ಒಂದು ಮಧ್ಯಾಹ್ನ ಕೊಡಲಾರದವರು ದೊಡ್ಡ ಮೊತ್ತವನ್ನು ಮನೆಯ ಕಂಪ್ಯೂಟರ್‌ಗೆ ತರದಿರುವುದೇ ಲೇಸು. ಪರೀಕ್ಷೆಯಿಲ್ಲದೆ ಸ್ವಂತ ಕೀಲಿಕೈ ಹಿಡಿಯುವುದು ಸ್ವಾತಂತ್ರ್ಯವಲ್ಲ, ಅದೃಷ್ಟದ ಮೇಲೆ ಹೊರೆ ಹಾಕುವುದು.

ಪ್ರತಿ ವರ್ಷ ಆಯುಧಪೂಜೆಗೆ ಯಂತ್ರ, ತಕ್ಕಡಿ, ವಾಹನಗಳೊಂದಿಗೆ ಕಂಪ್ಯೂಟರ್ ಅನ್ನೂ ಒರೆಸಿ ಕುಂಕುಮವಿಡುವ ಪದ್ಧತಿ ಈಗ ಎಲ್ಲ ಅಂಗಡಿ, ಕಾರ್ಖಾನೆಗಳಲ್ಲಿ ಬೇರೂರಿದೆ. ಅದರ ಮುನ್ನಾದಿನವನ್ನೇ ಮರುಸ್ಥಾಪನೆಯ ಪರೀಕ್ಷೆಗೆ ಮೀಸಲಿಡಬಹುದು. ವ್ಯಾಲೆಟ್ ಇರುವವರು ವ್ಯಾಲೆಟ್ ಅನ್ನೂ, ಇಲ್ಲದವರು ತಮ್ಮ ಲೆಕ್ಕಪತ್ರದ ಬ್ಯಾಕಪ್ ಅನ್ನೂ ಬೇರೆ ಕಂಪ್ಯೂಟರ್‌ನಲ್ಲಿ ತೆರೆದು ನೋಡಲಿ. ಮನೆಯ ಇನ್ನೊಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಲಿ. ವಾಣಿಜ್ಯ ಸಂಸ್ಥೆಗಳು ಆ ವಾರದಲ್ಲಿ ಸದಸ್ಯರಿಗಾಗಿ ಅರ್ಧ ದಿನದ ತರಬೇತಿಯನ್ನು ಏರ್ಪಡಿಸಿದರೆ ಅದಕ್ಕಿಂತ ಕಡಿಮೆ ಖರ್ಚಿನ ವಿಮೆ ಮತ್ತೊಂದಿಲ್ಲ. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು ಎಂಬ ಮಾತು ಕೇಳಿಸಿಕೊಳ್ಳುವ ಸರದಿ ವರ್ತಕರಿಗೆ ಬಾರದಿರಲಿ.